ಪಾರ್ವತಕ್ಕನ ನಂಬರು

ಜುಲೈ ೨೧, ಸೋಮವಾರ

ಬಿಪಿ: ಸ್ವಲ್ಪ ಹೆಚ್ಚು.

ಲಿಂಗಸುಗೂರಿನ ಡಾಕ್ಟರು ದಿನಾ ಬಿಪಿ ಬರೆದಿಡಲು ಹೇಳಿದ್ದಾರೆ. ಸಿಂಧನೂರಿನ ಗೊಬ್ಬರದ ಅಂಗಡಿಯವರು ಹೊಲವಿಲ್ಲದ ನಮಗೂ ಯಾಕೋ ಒಂದು ಡೈರಿ ಕೊಟ್ಟಿದ್ದರು, ಅದನ್ನೇ ತೆಗೆದುಕೊಂಡೆ. ಬಿಪಿಗೆ ಒಂದು ಸಾಲು ಸಾಕು. ಇಷ್ಟು ದೊಡ್ಡ ಪುಟವನ್ನು ಖಾಲಿ ಬಿಡಲು ಮನಸ್ಸಾಗದೆ ಉಳಿದದ್ದನ್ನು ನನ್ನ ಮಾತಿನಿಂದ ತುಂಬುತ್ತಿದ್ದೇನೆ. ಪ್ರತಿ ಪುಟದ ಕೆಳಗೂ ರೈತರಿಗೆ ಒಂದು ಸಲಹೆ ಅಚ್ಚಾಗಿದೆ. ಸಸಿಮಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕಂತೆ. ಆಗಲಿ.

ಇವತ್ತು ರೊಟ್ಟಿ ಬಡಿಯುವಷ್ಟರಲ್ಲೇ ಮೂರು ಓಟಿಪಿ ಬಂದವು. ಒಂದು ಸರ್ದಾರಬಿಯ ಗ್ಯಾಸಿನದು. ಇನ್ನೊಂದು ಹುಸೇನಪ್ಪನದು, ಪಿಎಫ್ ಪಾಸ್‌ವರ್ಡ್ ಮತ್ತೆ ಮರೆತಿದ್ದಾನೆ. ಮೂರನೆಯದು ಯಾರದೆಂದು ಯೋಚಿಸುತ್ತಿರುವಾಗಲೇ ಮಾರೆಮ್ಮ ಫೋನ್ ಮಾಡಿ, "ಪಾರ್ವತಕ್ಕಾ, ಒಂದ್ ನಂಬರ್ ಬಂದೈತೇನ ನೋಡವಾ" ಎಂದಳು. ಹಿಟ್ಟಿನ ಕೈಯಲ್ಲೇ ಓದಿ ಹೇಳಿದೆ. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ನಮ್ಮವರು ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಗಣಿಯೊಳಗೆ ಇಳಿಯುವವರು ಫೋನ್ ಒಯ್ಯುವಂತಿರಲಿಲ್ಲ. ಬ್ಯಾಂಕಿನವರು, ಗ್ಯಾಸಿನವರು, ಆಧಾರಿನವರು ನಂಬರ್ ಕೇಳಿದರೆ ನೆಲದ ಕೆಳಗಿರುವ ಗಂಡನ ನಂಬರ್ ಕೊಟ್ಟು ಏನು ಉಪಯೋಗ? ಕಂಪನಿ ಕ್ವಾರ್ಟರ್ಸಿನ ನಮ್ಮ ಲೈನಿನಲ್ಲಿ ಯಾವಾಗಲೂ ಚಾರ್ಜ್ ಇರುವ, ಯಾವಾಗ ಮಾಡಿದರೂ ಎತ್ತುವ ಫೋನ್ ಆಗ ನನ್ನದೊಂದೇ ಇತ್ತು. ಮೊದಲು ಮಾರೆಮ್ಮ ನನ್ನ ನಂಬರ್ ಕೊಟ್ಟಳು, ಅವಳನ್ನು ನೋಡಿ ಸರ್ದಾರಬಿ ಕೊಟ್ಟಳು, ಸರ್ದಾರಬಿಯನ್ನು ನೋಡಿ ಇಡೀ ಲೈನು ಕೊಟ್ಟಿತು. ಇವರು ರಿಟೈರಾಗಿ ನಾವು ಮಸ್ಕಿಗೆ ಬಂದು ಆರು ವರ್ಷವಾಯಿತು. ಲೈನಿನ ಓಟಿಪಿಗಳು ಮಾತ್ರ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಪಾಸ್‌ವರ್ಡ್ ಕೂಡ ಎಲ್ಲರಿಗೂ ನಾನೇ ಇಟ್ಟುಕೊಟ್ಟಿದ್ದೇನೆ. ನೆನಪಿರಲಿ ಎಂದು ಎಲ್ಲರಿಗೂ ಒಂದೇ, ನನ್ನ ಹೆಸರು, ಮುಂದೆ ಒಂದು ಎರಡು ಮೂರು. ಆದರೂ ಹುಸೇನಪ್ಪ ಮರೆಯುತ್ತಾನೆ. ನನ್ನ ಹೆಸರೇ ಮರೆಯುತ್ತಾನೋ ಎರಡಾದ ಮೇಲೆ ಮೂರು ಬರುವುದನ್ನು ಮರೆಯುತ್ತಾನೋ ತಿಳಿಯದು.

ಪ್ರತಿ ಓಟಿಪಿಯ ಕೊನೆಗೆ, ಇದನ್ನು ಯಾರಿಗೂ ಹೇಳಬೇಡಿ ಎಂದು ಬರೆದಿರುತ್ತಾರೆ. ಯಾರಿಗೂ ಹೇಳಬಾರದೆಂದರೆ ನನಗೇಕೆ ಕಳಿಸಬೇಕು?

ಜುಲೈ ೨೬, ಶನಿವಾರ

ಬಿಪಿ: ನೋಡಲಿಲ್ಲ. ನೋಡುವ ಧೈರ್ಯವಿಲ್ಲ.

ಪಂಚಮಿಗೆಂದು ಇವರು ಸಿಂಧನೂರಿನಿಂದ ನನಗೆ ಹೊಸ ಫೋನ್ ತಂದರು. ಬೆರಳಿಂದ ಸವರುವಂಥದ್ದು. ಮದುವೆಯಾದ ಮೇಲೆ ಕೇಳದೆ ತಂದುಕೊಟ್ಟ ಎರಡನೆಯ ವಸ್ತು, ಮೊದಲನೆಯದು ಪ್ರೆಶರ್ ಕುಕ್ಕರ್. ನನಗೆ ಬಹಳ ಸಂತೋಷವಾಗಿತ್ತು, ಅದನ್ನು ಇಲ್ಲಿ ಬರೆದಿಡುತ್ತೇನೆ. ಯಾಕೆಂದರೆ ಮುಂದೆ ಬರೆಯುವುದನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ.

ಹಳೆಯ ಸಿಮ್ ಹೊಸ ಫೋನಿಗೆ ದೊಡ್ಡದಾಯಿತು. ನಾಳೆ ಅಂಗಡಿಗೆ ಕೊಟ್ಟರೆ ಅಳತೆಗೆ ಕತ್ತರಿಸಿ ಕೊಡುತ್ತಾರೆ ಎಂದೆ.

"ಮುಂಗೈ ದಪ್ಪದ ತಂತಿಹಗ್ಗ ಕತ್ತರಿಸೀನಿ ನಾ. ಉಗುರಿನಷ್ಟು ಪ್ಲಾಸ್ಟಿಕ್ಕಿಗೆ ಅಂಗಡಿಗೆ ಹೋಗ್ಲೇನು?" ಎಂದು ಎಲೆ ಅಡಿಕೆಯ ಡಬ್ಬಿಯಿಂದ ಅಡಕೊತ್ತು ತೆಗೆದರು. ಕನ್ನಡಕ ಏರಿಸಿ, ಸಿಮ್ಮನ್ನು ಅಡಿಕೆಯಂತೆ ಇಟ್ಟು ಒತ್ತಿದರು. ಒಂದು ಹೋಳು ಕಟ್ಟೆಯ ಕೆಳಗೆ ಹಾರಿತು. ಇನ್ನೊಂದು ಇವರ ಕೈಯಲ್ಲಿ ಉಳಿಯಿತು, ಸಿಮ್ಮಿನ ಜೀವವೇ ಆದ ಹಳದಿ ಚೌಕ ನಟ್ಟನಡುವೆ ಸೀಳಿತ್ತು.

"ಅಳತಿ ಬರೋಬ್ಬರಿ ಐತಿ ನೋಡು" ಎಂದರು. ಅಳತೆಯೇನೋ ಸರಿಯಾಗಿಯೇ ಇತ್ತು.

ಜುಲೈ ೨೭, ಭಾನುವಾರ

ಫೋನು ಸುಮ್ಮನಿದೆ. ಇವರು ಅಡಕೊತ್ತನ್ನು ಎಲ್ಲೋ ಬಚ್ಚಿಟ್ಟಿದ್ದಾರೆ.

ಜುಲೈ ೨೮, ಸೋಮವಾರ

ಬಿಪಿ: ಮಷೀನೇ ತಪ್ಪು ತೋರಿಸುತ್ತಿರಬೇಕು.

ಅದೇ ನಂಬರಿನ ಹೊಸ ಸಿಮ್ ಕೇಳಲು ಇಬ್ಬರೂ ಸಿಂಧನೂರಿನ ಫೋನ್ ಆಫೀಸಿಗೆ ಹೋದೆವು. ಕೌಂಟರಿನಲ್ಲಿ ಅಲ್ಲಾಭಕ್ಷ್ ಎಂಬವರಿದ್ದರು. ಮೆಹೆಂದಿ ಹಚ್ಚಿದ ಗಡ್ಡ, ಮೆತ್ತಗಿನ ಮಾತು. ನನ್ನ ಆಧಾರ್ ನೋಡಿದರು, ಕಂಪ್ಯೂಟರ್ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಅಮ್ಮಾರೇ, ಈ ನಂಬರ್ ನಿಮ್ಮ ಹೆಸರಿಗಿಲ್ರಿ. ದೊಡ್ಡಬಸಪ್ಪ, ತುರ್ವಿಹಾಳ ಅಂತೈತಿ. ನಿಮಗೇನಾಗಬೇಕು ಅವ್ರು?"

ನನಗೆ ಏನೂ ಆಗಬೇಕಿಲ್ಲ. ಇವರ ಜೊತೆ ಒಂದೇ ಶಿಫ್ಟಿನಲ್ಲಿ ಗಣಿಗೆ ಇಳಿಯುತ್ತಿದ್ದವನು. ಆಮೇಲೆ ಇವರು ತಲೆ ಕೆರೆದುಕೊಂಡು ನೆನಪು ಮಾಡಿಕೊಂಡರು. ಆ ಸಿಮ್ ಕೊಂಡಾಗ ಹಟ್ಟಿಯ ಬಜಾರಿನಲ್ಲಿ ಛತ್ರಿ ನೆಟ್ಟುಕೊಂಡು ಸಿಮ್ ಮಾರುತ್ತಿದ್ದರು. ಇವರ ಜೇಬಿನಲ್ಲಿ ಕಾಗದ ಪತ್ರ ಇರಲಿಲ್ಲ, ದೊಡ್ಡಬಸಪ್ಪನ ಜೇಬಿನಲ್ಲಿ ರೇಷನ್ ಕಾರ್ಡಿನ ಝರಾಕ್ಸ್ ಇತ್ತು. "ತಗೋ, ನಂದು ಕೊಡು, ನಾ ಬ್ಯಾರೇನಾ?" ಎಂದಿದ್ದನಂತೆ.

ಹಾಗಾದರೆ ಇಷ್ಟು ವರ್ಷ ಆ ಫೋನಿನಲ್ಲಿ ಮಾತಾಡಿದ್ದು ನಾನಲ್ಲ, ದೊಡ್ಡಬಸಪ್ಪಣ್ಣ. ನನ್ನ ತಾಯಿ ತೀರಿಕೊಂಡಾಗ ಅಣ್ಣನ ಹತ್ತಿರ ಗೋಳಾಡಿ ಅತ್ತದ್ದೂ ದಾಖಲೆಯ ಪ್ರಕಾರ ಅವನೇ.

"ಮತ್ತೇನಿಲ್ರಿ, ಅವ್ರನ್ನ ಕರ್ಕೊಂಬರ್ರಿ. ಬಂದು ಫೋಟೋ ಕೊಟ್ರ ಕೆಲಸ ಆತು" ಎಂದರು ಅಲ್ಲಾಭಕ್ಷ್.

ಅದೇ ಕಷ್ಟ. ಇವರಿಬ್ಬರೂ ಒಂದೇ ದಿನ ರಿಟೈರಾದರು. ಬೀಳ್ಕೊಡುಗೆ ಸಭೆಯಲ್ಲಿ ಶಾಲು ಒಂದು ಕಡಿಮೆ ಬಿತ್ತು. ಇವರಿಗೆ ಶಾಲು ಹೊದಿಸಿದರು, ದೊಡ್ಡಬಸಪ್ಪನಿಗೆ ಟವೆಲ್ಲು. ಇವರು ವೇದಿಕೆಯ ಮೇಲೆ ನಗುತ್ತಾ ಕುಳಿತಿದ್ದರು. ಅವನು ಟವೆಲ್ ಮಡಚಿಕೊಂಡು ತುರ್ವಿಹಾಳದ ಬಸ್ಸು ಹತ್ತಿದವನು ಇವತ್ತಿನವರೆಗೂ ಮಾತಾಡಿಲ್ಲ. "ನಾನೇನ್ ಶಾಲು ನೇಯಾಂವನಾ?" ಎಂದು ಇವರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಉತ್ತರ ಕೊಡಬೇಕಾದವನು ತುರ್ವಿಹಾಳದಲ್ಲಿದ್ದಾನೆ, ಕೇಳಿಸಿಕೊಳ್ಳುವವಳು ನಾನು.

ಜುಲೈ ೨೯, ಮಂಗಳವಾರ, ಪಂಚಮಿ

ಹಬ್ಬದ ಸಿಹಿ ಉಂಡಿ ಕಟ್ಟಿದೆ. ತಿನ್ನಲು ಆಗಲಿಲ್ಲ.

ಮಾರೆಮ್ಮ ಇವರ ಫೋನಿಗೆ ಮಾಡಿದಳು. ಅವಳ ಮಗಳು ಜಯಶ್ರೀ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಓದಿದವಳು. ಅವಳಿಗೆ ರಾಯಚೂರಿನಲ್ಲಿ ನರ್ಸಿಂಗ್ ಸೀಟು ಬಂದಿದೆಯಂತೆ. ಬರುವ ಸೋಮವಾರ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಒಪ್ಪಿಗೆ ಒತ್ತಲು ಓಟಿಪಿ ಬೇಕು. ಓಟಿಪಿ ಬರುವುದು ನನ್ನ ನಂಬರಿಗೆ.

ಜಯಶ್ರೀ ಫೋನ್ ಇಸಿದುಕೊಂಡಳು. "ಅತ್ತೀ, ನಂಬರ್ ಬದಲಿ ಮಾಡ್ತೀನಿ ಅಂದ್ರ, ಹಳೇ ನಂಬರಿಗೆ ಓಟಿಪಿ ಕಳಿಸೀವಿ, ಅದನ್ನ ಹಾಕು ಅಂತೈತ್ರಿ. ಸಹಾಯವಾಣಿಗೆ ಫೋನ್ ಹಚ್ಚಿ ಹಚ್ಚಿ ಸಾಕಾತು, ಯಾರೂ ಎತ್ತವಲ್ರು."

ಅರ್ಜಿ ಹಾಕುವಾಗ ಅವಳು ತನ್ನ ನಂಬರನ್ನೇ ಕೊಡುತ್ತೇನೆ ಎಂದಿದ್ದಳಂತೆ. ನಾನೇ ಮುಖ ಸಣ್ಣದು ಮಾಡಿಕೊಂಡು, "ಯಾಕ, ನನ್ನ ನಂಬರ್ ನಿಂಗ ಬ್ಯಾಡಾತೇನು?" ಎಂದಿದ್ದೆನಂತೆ. ಮಾರೆಮ್ಮ ಹೇಳುತ್ತಾಳೆ. ನನಗೆ ನೆನಪಿಲ್ಲ. ಇದ್ದರೂ ಇರಬಹುದು.

ಆ ಹುಡುಗಿ ನಮ್ಮ ಲೈನಿನಲ್ಲಿ ಹುಟ್ಟಿದವಳು. ಅವಳಪ್ಪ ಶಿಫ್ಟಿನಿಂದ ಮೇಲೆ ಬರುವ ಮೊದಲೇ ಅವಳನ್ನು ಎತ್ತಿಕೊಂಡವಳು ನಾನು. ಅವಳ ಸೀಟು ಹೋದರೆ ನಾನು ಯಾವ ಮುಖ ಹೊತ್ತುಕೊಂಡು ಹಟ್ಟಿಗೆ ಹೋಗಲಿ?

ಜುಲೈ ೩೦, ಬುಧವಾರ

ತುರ್ವಿಹಾಳಕ್ಕೆ ಹೋಗೋಣ ಎಂದು ಬೆಳಗಿನಿಂದ ಹೇಳುತ್ತಿದ್ದೇನೆ. ಇವರು ಕಟ್ಟೆಯ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕುಳಿತಿದ್ದಾರೆ.

"ಅಶೋಕ ಅಂಬೋ ಹೆಸರು ನಮ್ಮ ಮಸ್ಕಿ ಬಂಡಿಗಲ್ಲಿನ ಮ್ಯಾಲ ಸಿಕ್ಕಿದ್ದು ಗೊತ್ತೈತಿಲ್ಲ? ಎರಡು ಸಾವಿರ ವರ್ಷ ಆ ರಾಜ ತನ್ನ ಹೆಸರು ಸಿಗೂತನಾ ತಡದಾನ. ನಿಂಗ ನಾಕ ದಿನ ತಡ್ಯಾಕ ಆಗವಲ್ದು" ಎಂದರು.

"ಅಶೋಕಂದೇನ್ ನರ್ಸಿಂಗ್ ಸೀಟ್ ಹೋಗಾಕತ್ತಿದ್ದಿಲ್ಲ" ಎಂದೆ.

ಇವರ ಜೊತೆ ಮಾತು ಬಿಟ್ಟಿದ್ದೇನೆ. ಊಟ ಮಾತ್ರ ಬಡಿಸುತ್ತಿದ್ದೇನೆ. ಸಾರಿಗೆ ಉಪ್ಪು ಹಾಕಿಲ್ಲ, ಬೇಕೆಂದೇ.

ಜುಲೈ ೩೧, ಗುರುವಾರ

ಜಯಶ್ರೀ ಇವರಿಗೇ ಫೋನ್ ಮಾಡಿದಳು. "ಮಾವಾ, ದೊಡ್ಡಬಸಪ್ಪ ಮಾವನ ಹಂತ್ಯಾಕ ನಾನಽ ಹೋಗಿ ಕಾಲಿಗೆ ಬಿದ್ದು ಕೇಳ್ತೀನ್ರಿ. ಊರ ದಾರಿ ಅಷ್ಟು ಹೇಳ್ರಿ." ಇವರು "ಬ್ಯಾಡವಾ. ನೀ ಯಾಕ ಬೀಳ್ತಿ" ಎಂದು ಇಟ್ಟುಬಿಟ್ಟರು.

ಆಮೇಲೆ ಒಳಗೆ ಬಂದು ಕೇಳಿದರು: "ಆ ಶಾಲು ಎಲ್ಲೈತಿ?"

ಶಾಲು ಇಸ್ತ್ರಿ ಮಾಡುವ ಮಣೆಯ ಮೇಲಿತ್ತು. ಆರು ವರ್ಷದಿಂದ ಅಲ್ಲಿಯೇ ಇದೆ. ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲಿ ಒಂದು ಕಂದು ಕಲೆ, ಮೂಲೆಯಲ್ಲಿ ಒಂದು ತೂತು. ಒಗೆದು ಹಾಕಿದ್ದೇನೆ. ಒಗೆದ ಮೇಲೆ ಕಲೆ ಇನ್ನೂ ಚೆನ್ನಾಗಿ ಕಾಣುತ್ತಿದೆ.

ಸಾರಿಗೆ ಉಪ್ಪು ಹಾಕಿದೆ.

ಆಗಸ್ಟ್ ೧, ಶುಕ್ರವಾರ

ಬಿಪಿ ಮಷೀನ್ ಮನೆಯಲ್ಲೇ ಬಿಟ್ಟುಹೋಗಿದ್ದೆ.

ಸಿಂಧನೂರಿಗೆ ಒಂದು ಬಸ್ಸು, ಅಲ್ಲಿಂದ ತುರ್ವಿಹಾಳಕ್ಕೆ ಇನ್ನೊಂದು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಎಲ್ಲಿ ನೋಡಿದರೂ ನಾಟಿ. ದೊಡ್ಡಬಸಪ್ಪ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಹೆಗಲ ಮೇಲೆ ಒಂದು ಮಾಸಿದ ಟವೆಲ್ಲು. ಅದೇ ಟವೆಲ್ಲು. ನಾನು ಗುರುತು ಹಿಡಿದೆ, ಇವರೂ ಹಿಡಿದರು, ನಾವು ಗುರುತು ಹಿಡಿದದ್ದನ್ನು ಅವನೂ ನೋಡಿದ.

"ಆರು ವರ್ಷ ದುಡದೈತಿ ಇದು. ಬೆವರು ಒರಸೈತಿ, ಬುತ್ತಿ ಕಟ್ಟೈತಿ, ಕಾಗಿ ಓಡಿಸೈತಿ. ನಿನ್ನ ಶಾಲು ಏನ್ ಮಾಡಾಕತ್ತೈತಿ ರಾಮಣ್ಣಾ?" ಎಂದ.

ಇವರು ನನ್ನ ಮುಖ ನೋಡಿದರು. ನಾನು ಚೀಲದಿಂದ ಶಾಲು ತೆಗೆದೆ. ಕಲೆ ಒಳಗೆ ಬರುವಂತೆ ಮಡಚಿದ್ದೆ, ಅವನು ಬಿಡಿಸಿದ. ಕಲೆಯನ್ನು ನೋಡಿದ, ತೂತಿನಲ್ಲಿ ಬೆರಳು ತೂರಿಸಿದ.

"ಇಸ್ತ್ರಿ ಹೊಡೀತಿದ್ದೇನು ತಂಗಿ ಇದರ ಮ್ಯಾಲ?"

"ಹೌದಣ್ಣಾ" ಎಂದೆ. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

ಅವನ ಮುಖ ನಿಧಾನವಾಗಿ ಅರಳಿತು. ನನ್ನ ಜನ್ಮದಲ್ಲಿ ಯಾರಾದರೂ ಒಂದು ಸುಟ್ಟ ಬಟ್ಟೆ ನೋಡಿ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ. ಇಷ್ಟು ವರ್ಷ ಆ ಶಾಲು ನಮ್ಮ ಮನೆಯಲ್ಲಿ ಗಾಜಿನ ಕಪಾಟಿನೊಳಗೆ ಇದೆ ಎಂದುಕೊಂಡಿದ್ದನಂತೆ.

ನಾನು ವಿಷಯ ಹೇಳಿದೆ. ಲೈನಿನ ಎಲ್ಲರ ಬ್ಯಾಂಕು, ಗ್ಯಾಸು, ಪಿಎಫ್ಫು, ಈಗ ಜಯಶ್ರೀಯ ಸೀಟು, ಎಲ್ಲವೂ ಅವನ ಹೆಸರಿನ ನಂಬರಿಗೆ ಬರುತ್ತಿದ್ದವು ಎಂದೆ.

"ಅಂದ್ರ ನಾ ಇಲ್ಲಿ ಸಿಟ್ಟು ಮಾಡ್ಕೊಂಡು ಕುಂತಿದ್ರೂ ಅಲ್ಲಿ ಎಲ್ಲಾರ ಮನೀ ಕೆಲಸ ಮಾಡಾಕತ್ತಿದ್ದೆ" ಎಂದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಬರ್ತೀನಿ. ಆದ್ರ ಶಾಲು ಹಂಗ ಕೈಯಾಗ ಕೊಡೂದಲ್ಲ. ಹೊದಿಸಬೇಕು. ಎರಡ್ ಮಾತೂ ಹೇಳಬೇಕು."

ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೇರ ಮಾಡಿ ನಿಂತರು. ಇವರು ಬದುವಿನ ಮೇಲೆ ಚಪ್ಪಲಿ ಬಿಟ್ಟು, ಕೆಮ್ಮಿ, "ಸನ್ಮಾನ್ಯ ದೊಡ್ಡಬಸಪ್ಪನವರು" ಎಂದು ಶುರು ಮಾಡಿ ಅಲ್ಲೇ ನಿಂತುಬಿಟ್ಟರು. ಆಮೇಲೆ ನೆಲ ನೋಡುತ್ತಾ, "ಒಂದ್ಸಲ ಕೆಳಗ ಲೈಟ್ ಹೋಗಿತ್ತು. ಈ ಮನಷ್ಯಾ ನನ್ನ ಕೈ ಹಿಡಕೊಂಡು ಮ್ಯಾಲ ಬರೂತನಾ ಬಿಟ್ಟಿದ್ದಿಲ್ಲ. ಅದನ್ನ ಅವತ್ತ ಸ್ಟೇಜಿನ ಮ್ಯಾಲ ಹೇಳಬೇಕಿತ್ತು" ಎಂದರು. ಶಾಲು ಹೊದಿಸಿದರು. ಹೆಣ್ಣುಮಕ್ಕಳು ಕೆಸರು ಕೈಯಲ್ಲೇ ಚಪ್ಪಾಳೆ ತಟ್ಟಿದರು, ಕೆಸರೆಲ್ಲ ನನ್ನ ಸೀರೆಗೆ ಸಿಡಿಯಿತು.

ದೊಡ್ಡಬಸಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ನಾನು ಸೆರಗಿನಿಂದ ಒರೆಸಿಕೊಂಡೆ.

ಆಗಸ್ಟ್ ೨, ಶನಿವಾರ

ರಾತ್ರಿ ತುರ್ವಿಹಾಳದಲ್ಲೇ ಉಳಿದು ಬೆಳಿಗ್ಗೆ ಮೂವರೂ ಸಿಂಧನೂರಿನ ಆಫೀಸಿಗೆ ಹೋದೆವು. ದೊಡ್ಡಬಸಪ್ಪ ಶಾಲು ಹೊದ್ದುಕೊಂಡೇ ಬಂದಿದ್ದ. ಅಲ್ಲಾಭಕ್ಷ್ ಫೋನ್ ಎದುರಿಗೆ ಹಿಡಿದು, "ಕಣ್ಣು ಮಿಟುಕಿಸ್ರಿ, ನೀವು ಜೀವಂತ ಅದೀರಿ ಅಂತ ಅದಕ್ಕ ಗೊತ್ತಾಗಬೇಕು" ಎಂದರು. ದೊಡ್ಡಬಸಪ್ಪ ಫೋಟೋ ಎಂದರೆ ಉಸಿರು ಹಿಡಿದು ಕಣ್ಣು ಅರಳಿಸಿ ನಿಲ್ಲುವ ಮನುಷ್ಯ. ಮಿಟುಕಿಸಲೊಲ್ಲ. ಮೂರು ಸಲ ಫೋನು ಅವನನ್ನು ಜೀವಂತ ಎಂದು ಒಪ್ಪಲಿಲ್ಲ. ಕೊನೆಗೆ ಇವರು ಹಿಂದಿನಿಂದ ಕಿವಿಯಲ್ಲಿ ಊದಿದರು, ಮಿಟುಕಿಸಿದ, ಒಪ್ಪಿತು.

ಸಿಮ್ ಬಂತು. ನಾನು ಕೈ ಮುಗಿಯುವಷ್ಟರಲ್ಲಿ ಅಲ್ಲಾಭಕ್ಷ್ ಹೇಳಿದರು: "ಮಾತಾಡಾಕ ಇವತ್ತಽ ಬರ್ತೈತ್ರಿ. ಮೆಸೇಜ್ ಮಾತ್ರ ಒಂದು ದಿನ ಬರಂಗಿಲ್ಲ. ಕಳ್ಳರು ಸಿಮ್ ಬದಲಿ ಮಾಡಿ ಮಂದೀ ರೊಕ್ಕ ಹೊಡೀತಾರಂತ ಹಂಗ ಇಟ್ಟಾರ."

ಇಲ್ಲಿ ಕಳ್ಳರು ಯಾರೂ ಇಲ್ಲ, ನಾವು ಮೂವರೇ ಇದ್ದೇವೆ ಎಂದೆ. ಅದು ಫೋನಿಗೆ ತಿಳಿಯುವುದಿಲ್ಲವಂತೆ.

ಆಗಸ್ಟ್ ೩, ಭಾನುವಾರ

ಜಯಶ್ರೀ ಹಟ್ಟಿಯಿಂದ ಮಸ್ಕಿಗೆ ಬಂದು ಬೆಳಗಿನಿಂದ ನಮ್ಮ ಮನೆಯಲ್ಲೇ ಕುಳಿತಿದ್ದಳು. ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿಕೊಟ್ಟೆ, ಮುಟ್ಟಲಿಲ್ಲ. ಫೋನನ್ನು ದೇವರ ಮುಂದೆ ಇಟ್ಟಿದ್ದೆವು. ನಾಲ್ವರು ಸುತ್ತ ಕುಳಿತಿದ್ದೆವು. ನಾಲ್ಕನೆಯವನು ದೊಡ್ಡಬಸಪ್ಪ, "ನನ್ನ ನಂಬರ್, ನಾ ಇರಬೇಕು" ಎಂದು ನಿನ್ನೆ ನಮ್ಮ ಜೊತೆಯಲ್ಲೇ ಬಂದಿದ್ದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಗುರ್ ಎಂದಿತು, ಮೆಸೇಜ್ ಬರಲು ಶುರುವಾಗಿತ್ತು. ಜಯಶ್ರೀ ತನ್ನ ಫೋನಿನಲ್ಲಿ ಓಟಿಪಿ ಕಳಿಸು ಎಂದು ಒತ್ತಿದಳು. ಅದೇ ಗಳಿಗೆಯಲ್ಲಿ ಹಟ್ಟಿಯಲ್ಲಿ ಹುಸೇನಪ್ಪನೂ ಏನನ್ನೋ ಒತ್ತಿರಬೇಕು. ಎರಡು ಓಟಿಪಿ ಒಟ್ಟಿಗೆ ಬಂದವು. ಗಡಿಬಿಡಿಯಲ್ಲಿ ಮೊದಲು ಹುಸೇನಪ್ಪನದನ್ನು ಓದಿದೆ. ತಪ್ಪು ಎಂದು ಬಂತು. ಜಯಶ್ರೀಯ ಕಣ್ಣು ತುಂಬಿದವು. ಎರಡನೆಯದನ್ನು ಒಂದೊಂದೇ ಅಂಕಿ ಬಿಡಿಸಿ ಓದಿದೆ, ಅವಳು ಒಂದೊಂದೇ ಒತ್ತಿದಳು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಅವಳ ಹೆಸರು, ಅದರ ಕೆಳಗೆ ಕಾಲೇಜಿನ ಹೆಸರು ಬಂತು. ಹುಡುಗಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ.

ಅತ್ತು ಮುಗಿದ ಮೇಲೆ ಅವಳು ಮಾಡಿದ ಮೊದಲ ಕೆಲಸ, ನನ್ನ ನಂಬರ್ ತೆಗೆದು ತನ್ನ ನಂಬರ್ ಹಾಕಿದ್ದು. ನನಗೆ ಅದು ಹಿಡಿಸಲಿಲ್ಲ. ಸುಳ್ಳು ಯಾಕೆ ಬರೆಯಲಿ. ಆಮೇಲೆ ಪಾಸ್‌ವರ್ಡನ್ನೂ ಬದಲಿಸಲು ಹೊರಟವಳು ನನ್ನ ಮುಖ ನೋಡಿ ತಡೆದಳು. ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಇವರನ್ನೂ ದೊಡ್ಡಬಸಪ್ಪನನ್ನೂ ತಿರುಗಿಸಿದೆ.

ಆಗಸ್ಟ್ ೧೬, ಶನಿವಾರ

ಹಟ್ಟಿಗೆ ಹೋಗಿ ಬಂದೆವು. ಸರ್ದಾರಬಿಯ ಮನೆಯಲ್ಲಿ ಲೈನಿನ ಹೆಣ್ಣುಮಕ್ಕಳೆಲ್ಲ ಸೇರಿದ್ದರು, ಹುಸೇನಪ್ಪನೂ ಬಂದಿದ್ದ. ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲದರಲ್ಲೂ ಚಾರ್ಜ್ ಇದೆ. ಯಾವಾಗಿನಿಂದ ಹೀಗಿದೆಯೋ ನನಗೆ ಗೊತ್ತೇ ಇರಲಿಲ್ಲ. ಜಯಶ್ರೀ ಒಬ್ಬೊಬ್ಬರದೇ ಬದಲಿಸುತ್ತಾ ಬಂದಳು, ನಾನು ಪಕ್ಕದಲ್ಲಿ ಕುಳಿತು ಒಬ್ಬೊಬ್ಬರ ಕೊನೆಯ ಓಟಿಪಿ ಓದಿ ಹೇಳಿದೆ. ಪಾಸ್‌ವರ್ಡ್ ಇಡುವಾಗ ಉಳಿದವರೆಲ್ಲ ಗೋಡೆಯ ಕಡೆ ತಿರುಗಿದರು. ಹುಸೇನಪ್ಪ ಮಾತ್ರ ನಂಬರನ್ನಾಗಲಿ ಪಾಸ್‌ವರ್ಡನ್ನಾಗಲಿ ಬದಲಿಸಲು ಒಪ್ಪಲಿಲ್ಲ. ಹೊಸದು ಮಾಡಿದರೆ ಹೊಸದನ್ನೇ ಮರೆಯಬೇಕಾಗುತ್ತದಂತೆ.

ಬಿಪಿ ಬರೆಯುವುದನ್ನು ಬಿಟ್ಟು ಎಷ್ಟು ದಿನವಾಯಿತೋ.

ಆಗಸ್ಟ್ ೨೦, ಬುಧವಾರ

ಸಿಮ್ಮನ್ನು ದೊಡ್ಡಬಸಪ್ಪನಿಗೆ ಕೊಟ್ಟುಬಿಟ್ಟೆ. ಅವನ ಹೆಸರಿನದು, ಅವನ ಹತ್ತಿರವೇ ಇರಲಿ. ಮಧ್ಯಾಹ್ನ ಇವರ ಫೋನಿಗೆ ಮಾಡಿ, "ತಂಗೀ, ಹುಸೇನಪ್ಪಂದು ಒಂದ್ ಬಂದಿತ್ತು, ಬದುವಿನ ಮ್ಯಾಲ ನಿಂತು ಓದಿ ಹೇಳಿದೆ" ಎಂದ. ಅವನ ದನಿ ಕೇಳಿದರೆ ಕಲೆಕ್ಟರ್ ಆಗಿದ್ದಾನೆ ಎನ್ನಬೇಕು.

ಹೊಸ ಫೋನು ಬರಿದಾಗಿದೆ. ಮಧ್ಯಾಹ್ನ ನಿದ್ದೆ ಮಾಡಿದೆ. ರೊಟ್ಟಿ ಸೀಯಲಿಲ್ಲ.

ಆಗಸ್ಟ್ ೨೫, ಸೋಮವಾರ

ಸಿಂಧನೂರಿಗೆ ಹೋಗಿ ನನ್ನ ಹೆಸರಿನಲ್ಲೇ ಒಂದು ನಂಬರ್ ತೆಗೆದುಕೊಂಡೆ. ಅಲ್ಲಾಭಕ್ಷ್ ಕಣ್ಣು ಮಿಟುಕಿಸಲು ಹೇಳಿದರು. ಒಂದೇ ಸಲಕ್ಕೆ ಜೀವಂತ ಎಂದು ಒಪ್ಪಿತು.

ಅಲ್ಲಿಂದ ಬಂದು ಮಸ್ಕಿಯ ಬ್ಯಾಂಕಿನಲ್ಲಿ ನನ್ನ ಖಾತೆಗೆ ಆ ನಂಬರ್ ಸೇರಿಸಲು ಕೇಳಿದೆ. ಆಗ ತಿಳಿಯಿತು, ನನ್ನ ಖಾತೆಗೆ ಇಷ್ಟು ವರ್ಷ ಇದ್ದದ್ದು ಇವರ ನಂಬರ್. ಊರವರ ಓಟಿಪಿಯೆಲ್ಲ ನನಗೆ ಬರುತ್ತಿತ್ತು, ನನ್ನದೊಂದು ಮಾತ್ರ ನನಗೆ ಬಂದಿರಲಿಲ್ಲ. ಅದು ಇವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಸಂಜೆ ಹಿಟ್ಟು ನಾದುವಾಗ ಫೋನು ಗುರ್ ಎಂದಿತು. ಇವರು ಕಟ್ಟೆಯ ಮೇಲಿಂದಲೇ ಕೇಳಿದರು.

"ಯಾರದು ಬಂತು?"

"ನಂದು" ಎಂದೆ.

ಇವರು ಎದ್ದು ಒಳಗೆ ಬಂದರು. ಕನ್ನಡಕ ಏರಿಸಿ ಬಾಗಿದರು. "ಎಷ್ಟ್ ಬಂದೈತಿ ನೋಡೂಣು?"

ಆರು ಅಂಕಿಗಳಿದ್ದವು. ಕೊನೆಗೆ ಅದೇ ಸಾಲು ಇತ್ತು, ಇದನ್ನು ಯಾರಿಗೂ ಹೇಳಬೇಡಿ ಎಂದು. ನಾನು ಫೋನನ್ನು ಎದೆಗೆ ಒತ್ತಿಕೊಂಡು ಇವರಿಗೆ ಗೋಡೆಯ ಕಡೆ ತಿರುಗಲು ಹೇಳಿದೆ. ತಿರುಗಿದರು.

ಇಲ್ಲಿಯೂ ಬರೆಯುವುದಿಲ್ಲ.